ಸಹಾಯ ಬೇಕು: ಟೆಲಿಕಾಂ ನೌಕರರ ಚುನಾವಣಾ ದೇಣಿಗೆ ಲೆಕ್ಕ ಹಾಕೋದು ಹೇಗೆ?

ಎಲ್ರಿಗೂ ನಮಸ್ಕಾರ. ನಾವಿರೋದು ಡಲ್ಲಾಸಲ್ಲಿ, ಮಗಳು ಹೈಸ್ಕೂಲ್ ಪ್ರಾಜೆಕ್ಟಿಗೆ ಟೆಲಿಕಾಂ, ಮೀಡಿಯಾ ಕಂಪನಿ ನೌಕರರು 2024ರ ಚುನಾವಣೇಲಿ ಅಮೆರಿಕದ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರಿಗೆ ಎಷ್ಟು ದುಡ್ಡು ಕೊಟ್ರು ಅಂತ ತೆಗೀತಿದಾಳೆ, ಮೂರು ರಾತ್ರಿಯಿಂದ ಲೆಕ್ಕ ತಾಳೆ ಆಗ್ತಿಲ್ಲ. ಇಲ್ಲಿ ಕಂಪನಿ ನೇರವಾಗಿ ಅಭ್ಯರ್ಥಿಗೆ ಕೊಡೋ ಹಾಗಿಲ್ಲ, 1907ರಿಂದಲೇ ನಿಷೇಧ. ನೌಕರರು ಸ್ವಂತ ದುಡ್ಡು ಕೊಡಬಹುದು, ಆಗ ಒಂದು ಚುನಾವಣೆಗೆ ಒಬ್ಬ ಅಭ್ಯರ್ಥಿಗೆ 3,300 ಡಾಲರ್ ಮಿತಿ, ಪ್ರೈಮರಿ (ಪಕ್ಷದ ಅಭ್ಯರ್ಥಿ ಆರಿಸೋ ಚುನಾವಣೆ) ಬೇರೆ, ಜನರಲ್ (ಅಂತಿಮ ಚುನಾವಣೆ) ಬೇರೆ.

ಎಫ್‌ಇಸಿ (ಇಲ್ಲಿನ ಕೇಂದ್ರ ಚುನಾವಣಾ ಆಯೋಗ) ಸೈಟಲ್ಲಿ ಕಂಪನಿ ಹೆಸರು ಹಾಕಿ ಎಲ್ಲಾ ಎಕ್ಸೆಲ್‌ಗೆ ಇಳಿಸ್ಕೊಂಡ್ವಿ, ಒಂದೇ ಕಂಪನಿ ಹೆಸರನ್ನ ಒಬ್ಬೊಬ್ರು ಒಂದೊಂದು ಥರ ಬರ್ದಿದಾರೆ, ಅದನ್ನೂ ಕೂತು ಸರಿಮಾಡಿದ್ವಿ. ಸಿಕ್ಕಾಕ್ಕೊಂಡಿರೋದು ಇಲ್ಲಿ: ಸಂಬಳದಲ್ಲಿ ಕಟ್ ಆಗಿ ಕಂಪನಿಯ ಪ್ಯಾಕ್‌ಗೆ (ಪಿಎಸಿ, ನೌಕರರ ದುಡ್ಡು ಕೂಡಿಸಿ ಅಭ್ಯರ್ಥಿಗಳಿಗೆ ಕೊಡೋ ರಾಜಕೀಯ ನಿಧಿ) ಹೋಗೋ ಸಣ್ಣ ಸಣ್ಣ ಮೊತ್ತಗಳೂ ಅದೇ ಪಟ್ಟೀಲಿವೆ, ಆಮೇಲೆ ಆ ಪ್ಯಾಕ್ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್‌ವರೆಗೆ ಕೊಟ್ಟಿದ್ದು ಬೇರೆ ಪಟ್ಟೀಲಿದೆ. ಎರಡೂ ಕೂಡಿಸಿದ್ರೆ ಅದೇ ದುಡ್ಡು ಎರಡ್ಸಲ ಬಂದಂಗಾಯ್ತು. ಯಾರ ಜೇಬಿಂದ ಬಂತು ಅನ್ನೋದೇ ಇಲ್ಲಿ ಮುಖ್ಯ, ತಪ್ಪು ಅಂಕಿ ಅವಳು ಕ್ಲಾಸಲ್ಲಿ ಹೇಳೋದು ನಂಗಿಷ್ಟ ಇಲ್ಲ.

ಈ ಲೆಕ್ಕ ಮಾಡಿರೋರು ಹೇಳಿ: "ನೌಕರರು ಕೊಟ್ಟಿದ್ದು" ಅಂದ್ರೆ ಪ್ಯಾಕ್‌ಗೆ ಹೋದ ಸಾಲುಗಳನ್ನ ಕಿತ್ತು ಅಭ್ಯರ್ಥಿಗೆ ನೇರವಾಗಿ ಹೋದದ್ದು ಮಾತ್ರ ಎಣಿಸ್ಬೇಕಾ, ಇಲ್ಲ ಪ್ಯಾಕ್ ಕೊಟ್ಟಿದ್ದನ್ನೂ ಸೇರಿಸ್ಬೇಕಾ?