ಸಹಾಯ ಬೇಕು: ರಿಪೋರ್ಟ್ ಬರೆಯಲಾ, ಬಿಡಲಾ?

ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮೊನ್ನೆ ನೈಟ್ ಡ್ಯೂಟಿಯಲ್ಲಿ ಜೊತೆಗಿದ್ದ ಸಿಸ್ಟರ್ ಜ್ವರದ ಪೇಷಂಟ್‌ಗೆ ಪ್ಯಾರಾಸಿಟಮಾಲ್ 650 ಕೊಟ್ಟು ಚಾರ್ಟ್‌ನಲ್ಲಿ ಸಹಿ ಹಾಕುವುದು ಮರೆತಿದ್ದರು, ಸಹಿ ಇಲ್ಲ ಅಂತ ನಾನೂ ಒಂದು ಕೊಟ್ಟೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು, ಅದು ದಾಟಿಲ್ಲ, ಡಾಕ್ಟರಿಗೂ ಆಗಲೇ ಹೇಳಿದೆ, ಪೇಷಂಟ್ ಆರಾಮ ಇದ್ದಾರೆ. ಕಷ್ಟ ಬೇರೆ ಇದೆ. ಇನ್ಸಿಡೆಂಟ್ ರಿಪೋರ್ಟ್ (ಆದ ತಪ್ಪಿನ ವರದಿ) ಬರೆಯೋಣ ಅಂದರೆ ಆ ಸಿಸ್ಟರ್ "ಏನೂ ಆಗಿಲ್ಲಲ್ಲವ್ವ, ಸುಮ್ನೆ ಯಾಕ ಬೇಕು" ಅಂದರು. ನನಗೆ ಐವಿ ಹಾಕುವುದು ಕಲಿಸಿದ್ದೇ ಅವರು! ಕೇಳದೆ ಕೊಟ್ಟಿದ್ದು ನನ್ನ ತಪ್ಪೂ ಹೌದು. ಬರೆದರೆ ಚಾಡಿ ಹೇಳಿದಳು ಅಂತಾರೆ, ಬಿಟ್ಟರೆ ನಾಳೆ ಇನ್ಸುಲಿನ್ ಹೀಗೇ ಎರಡು ಸಲ ಹೋದರೆ? ಇಬ್ಬರೂ ಸೇರಿ ಇನ್‌ಚಾರ್ಜ್ ಹತ್ತಿರ ಹೋದವರು ಯಾರಾದರೂ ಇದ್ದೀರಾ? ಅವರನ್ನು ಹೇಗೆ ಒಪ್ಪಿಸಿದಿರಿ, ಹೇಳಿ.