ಶಿಫ್ಟ್ ಕೆಲಸದಲ್ಲಿ ಪ್ರಾರ್ಥನೆ, ಬೈಬಲ್ ಓದು ಹೇಗೆ ಉಳಿಸಿಕೊಳ್ಳುತ್ತೀರಿ?

ಪೀಣ್ಯದ ಹುಡುಗ:

ಎಲ್ಲರಿಗೂ ವಂದನೆ. ಊರು ಗದಗ ಕಡೆ. ಈಗ ಬೆಂಗಳೂರಿನ ಪೀಣ್ಯದಲ್ಲಿ ಪ್ರೆಸ್ ಶಾಪ್ (ಲೋಹದ ತಗಡು ಒತ್ತುವ ಮೆಷಿನ್) ಕೆಲಸ. ವಾರಕ್ಕೊಂದು ಶಿಫ್ಟ್. ಒಂದು ವಾರ ಬೆಳಗ್ಗೆ 6ಕ್ಕೆ, ಮುಂದಿನ ವಾರ ಮಧ್ಯಾಹ್ನ 2ಕ್ಕೆ, ಆಮೇಲೆ ರಾತ್ರಿ 10ಕ್ಕೆ. ದೀಕ್ಷಾಸ್ನಾನ ಆದ ಮೇಲೆ ಸಭೆಯ ಯುವಕರ ಗುಂಪಿಗೆ ಸೇರಿದೆ. ಅಲ್ಲಿ ಎಲ್ಲರೂ ಬೆಳಗ್ಗೆ 5ಕ್ಕೆ ಎದ್ದು ಪ್ರಾರ್ಥನೆ ಮಾಡಬೇಕು, ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಪಟ್ಟಿಯಂತೆ ಓದಬೇಕು, ವಾಟ್ಸಾಪ್‌ನಲ್ಲಿ ಟಿಕ್ ಹಾಕಬೇಕು. ನೈಟ್ ಶಿಫ್ಟ್ ವಾರದಲ್ಲಿ 5 ಗಂಟೆಗೆ ನಾನು ಮೆಷಿನ್ ಮುಂದೆ ಇರುತ್ತೇನೆ!

ಆದಿಕಾಂಡ ಚೆನ್ನಾಗಿ ಓಡಿತು. ವಿಮೋಚನಕಾಂಡದಲ್ಲಿ ಆರಾಧನೆಯ ಗುಡಾರದ ಅಳತೆ ಶುರುವಾಯಿತು. ಯಾಜಕಕಾಂಡದಲ್ಲಿ ಗಾಡಿ ನಿಂತೇ ಹೋಯಿತು. ಲೆಂತ್‌ನಲ್ಲಿ (ಈಸ್ಟರ್‌ಗೆ ಮುಂಚಿನ ವ್ರತಕಾಲ) ಉಪವಾಸ ಬೇರೆ ಇದೆ. ಗುಂಪಿನಲ್ಲಿ ಒಬ್ಬರು "ಮನಸ್ಸಿದ್ದರೆ ಮಾರ್ಗ" ಅಂತಾರೆ. ಮನಸ್ಸು ಇದೆ, ನಿದ್ದೆಯೂ ಇದೆ. ಶಿಫ್ಟ್‌ನಲ್ಲಿ ದುಡಿಯುವವರು ಯಾರಾದರೂ ಇದ್ದರೆ ಹೇಗೆ ಮಾಡ್ತೀರಿ, ಹೇಳಿ.

ರಾತ್ರಿ ಬಸ್ ಕಂಡಕ್ಟರ್ (ನಿವೃತ್ತ):

ಹುಬ್ಬಳ್ಳಿ–ಮಂಗಳೂರು ರಾತ್ರಿ ಬಸ್ಸಿನಲ್ಲೇ ನನ್ನ ಸರ್ವಿಸ್ ಜಾಸ್ತಿ ಕಳೆದದ್ದು. ಈಗ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ, ಹಾಗಾಗಿ ಮಾತು ಉದ್ದ. ಸಹಿಸಿಕೊಳ್ಳಿ.

ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದರು ಅಂತ ಮಾರ್ಕ 1:35ರಲ್ಲಿದೆ. ಎಲ್ಲರೂ ಅದನ್ನೇ ತೋರಿಸುತ್ತಾರೆ. ಲೂಕ 6:12ರಲ್ಲಿ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದರಲ್ಲ, ಅದು? ಶಿಷ್ಯ ಪೇತ್ರ ಪ್ರಾರ್ಥನೆಗೆ ಮಾಳಿಗೆ ಹತ್ತಿದ್ದು ಮಟಮಟ ಮಧ್ಯಾಹ್ನ. ಪೌಲ, ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ಹಾಡಿದ್ದು ನಡುರಾತ್ರಿ. ಪ್ರಾರ್ಥನೆಯನ್ನು ಗಡಿಯಾರಕ್ಕೆ ಕಟ್ಟಬೇಡಿ. ಶಿಫ್ಟ್ ಬದಲಾದರೂ ಬದಲಾಗದ ಒಂದು ಕೆಲಸಕ್ಕೆ ಕಟ್ಟಿ. ನನಗೆ ಅದು ಟಿಕೆಟ್ ಲೆಕ್ಕ ಮುಗಿಸಿ ಚೀಲ ಮುಚ್ಚುವ ಹೊತ್ತು. ಆಗ ಬಸ್ಸಿನಲ್ಲಿ ಡ್ರೈವರ್ ಒಬ್ಬನನ್ನು ಬಿಟ್ಟು ಎಲ್ಲರೂ ಗೊರಕೆ. ನಿಮಗೆ ಕೆಲಸದಿಂದ ಬಂದು ಕೈ ತೊಳೆದ ಮೇಲಿನ ಹೊತ್ತು ಆಗಬಹುದು.

ಇನ್ನು ಓದು. ಬೈಬಲಿನಲ್ಲಿ 1,189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕಂದರೆ ದಿನಕ್ಕೆ ಮೂರಕ್ಕೂ ಜಾಸ್ತಿ. ಒಂದು ನೈಟ್ ಶಿಫ್ಟ್ ವಾರ ತಪ್ಪಿದರೆ ಇಪ್ಪತ್ತಕ್ಕೂ ಹೆಚ್ಚು ಬಾಕಿ. ಅದನ್ನು ತೀರಿಸುವ ಗಡಿಬಿಡಿಯಲ್ಲಿ ಏನು ಓದಿದೆವು ಅಂತಲೇ ತಿಳಿಯಲ್ಲ. ಸದ್ಯಕ್ಕೆ ಪಟ್ಟಿ ಬದಿಗಿಟ್ಟು ಕೀರ್ತನೆ 120ರಿಂದ 134ರ ತನಕ ತೆಗೆಯಿರಿ. ಯಾತ್ರಾಗೀತೆಗಳು, ಒಟ್ಟು 15. ಹಬ್ಬಕ್ಕೆ ಯೆರೂಸಲೇಮಿಗೆ ನಡೆದು ಹೋಗುವವರು ಹಾಡುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಒಂದು ಬಿಟ್ಟು ಎಲ್ಲವೂ ಚಿಕ್ಕವು, ದಣಿದವನ ಬಾಯಿಗೂ ಒಗ್ಗುತ್ತವೆ. 121ರಲ್ಲಿ ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲ. 130ರಲ್ಲಿ ಬೆಳಗಾಗುವುದನ್ನೇ ನೋಡುವ ಕಾವಲುಗಾರರು ಬರುತ್ತಾರೆ. 134 ಅಂತೂ ನೈಟ್ ಶಿಫ್ಟ್‌ನವರದ್ದೇ. ದೇವಾಲಯದಲ್ಲಿ ರಾತ್ರಿ ನಿಂತು ಸೇವೆ ಮಾಡುವವರಿಗೆ ಹೇಳಿದ್ದು, ಮೂರೇ ವಚನ.

ಆ "ಮನಸ್ಸಿದ್ದರೆ ಮಾರ್ಗ" ಅನ್ನುವವರಿಗೆ 127:2 ಓದಿ ಹೇಳಿ. ಬೆಳಗ್ಗೆ ಬೇಗ ಎದ್ದು ರಾತ್ರಿ ತಡವಾಗಿ ಮಲಗಿ ಒದ್ದಾಡುವುದು ವ್ಯರ್ಥ, ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಅಂತಿದೆ. ಜಗಳ ಬೇಡ, ನಗುತ್ತಾ ಹೇಳಿ.

ದಿನಕ್ಕೊಂದು ಕೀರ್ತನೆ, ಬಾಯಿಬಿಟ್ಟು, ಎರಡು ಸಲ. 15 ಮುಗಿದರೆ ಮತ್ತೆ 120. ಹೀಗೆ ಸುತ್ತುತ್ತಾ ಹೋದರೆ ಅರ್ಧಕ್ಕರ್ಧ ತಾನಾಗಿ ಬಾಯಿಗೆ ಬರುತ್ತವೆ. ಆಮೇಲೆ ಬೈಬಲ್ ಕೈಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ವಾರ್ಡ್ ಸಿಸ್ಟರ್:

ಉಪವಾಸದ ಬಗ್ಗೆ ಅಂಕಲ್ ಏನೂ ಹೇಳಲಿಲ್ಲ. ನಾನು ನರ್ಸ್, ನೈಟ್ ಡ್ಯೂಟಿ ನನಗೂ ಗೊತ್ತು. ಹಸಿದ ಹೊಟ್ಟೆಯಲ್ಲಿ ರಾತ್ರಿ ಪ್ರೆಸ್ ಮೆಷಿನ್ ಮುಂದೆ ನಿಲ್ಲಬೇಡಿ ತಮ್ಮಾ, ಬೆರಳು ಹೋಗುತ್ತದೆ. ಬೆಳಗಿನ ಶಿಫ್ಟ್ ಇರುವ ವಾರದಲ್ಲಿ ಶುಕ್ರವಾರದ ರಾತ್ರಿ ಊಟ ಒಂದನ್ನು ಬಿಡಿ, ಸಾಕು. ನೀರು ಮಾತ್ರ ಬಿಡಬೇಡಿ. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಲೇಬಾರದು. ಲೆಂತ್‌ನ 40 ದಿನಗಳ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲ, ಅದೂ ನೆನಪಿರಲಿ.

ಯೆಶಾಯ 58 ಓದಿ. ದೇವರು ಕೇಳುವ ಉಪವಾಸದಲ್ಲಿ ಹಸಿದವರಿಗೆ ಹಂಚುವುದೂ ಇದೆ. ಲೆಂತ್‌ನಲ್ಲಿ ನಾನು ಕ್ಯಾಂಟೀನ್ ಟೀ–ಬನ್ ದುಡ್ಡು ತೆಗೆದಿಟ್ಟು, ವಾರ್ಡಿನ ಹೊರಗೆ ಕಾಯುತ್ತಾ ಕೂತವರಿಗೆ ಊಟ ಕೊಡಿಸುತ್ತೇನೆ. ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಗುಟ್ಟಾಗಿ ಮಾಡಿ ಅಂತಿದೆ (ನಾನೇ ಇಲ್ಲಿ ಬರೆದುಬಿಟ್ಟೆ, ಹೆಸರಿಲ್ಲ ಅನ್ನುವುದೇ ಸಮಾಧಾನ). ಆ ವಾಟ್ಸಾಪ್ ಟಿಕ್ ಇದಕ್ಕೆ ಹೇಗೆ ಹೊಂದುತ್ತದೋ ನನಗಂತೂ ಗೊತ್ತಿಲ್ಲ.

ಜಪಸರದವನು:

ನಾನು ಕಥೋಲಿಕ. ಕಂಡಕ್ಟರ್ ಹೇಳಿದ 134 ಹೊಸ ಆಯ್ಕೆ ಏನಲ್ಲ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮದಲ್ಲಿ, ಮಲಗುವ ಮುಂಚಿನ ಪ್ರಾರ್ಥನೆಗೆ ದಿನವೂ ಅವೇ ಮೂರು ಕೀರ್ತನೆ: 4, 91, 134. ದಿನವೂ ಹೊಸದು ಓದಲೇಬೇಕು ಅಂತೇನಿಲ್ಲ, ಅಲ್ವಾ?

ಆದರೆ ಎರಡು ಮಾತು ನಾನು ಒಪ್ಪಲ್ಲ. ಟಿಕ್ ಬೇಡವಾದರೂ ಗುಂಪು ಬೇಕು. ಶಿಫ್ಟ್ ಕೆಲಸದವನು ಬೇಗ ಒಂಟಿಯಾಗುತ್ತಾನೆ. ಯಾಜಕಕಾಂಡವನ್ನೂ ಪೂರ್ತಿ ಬಿಡಬೇಡಿ, 19ನೇ ಅಧ್ಯಾಯವೊಂದನ್ನಾದರೂ ಓದಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತ 13ನೇ ವಚನದಲ್ಲಿದೆ. ಗುತ್ತಿಗೆ ಕೆಲಸದವರಿಗೆ ಇಷ್ಟವಾಗುವ ವಚನ.

ಪೀಣ್ಯದ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಆ 13ನೇ ವಚನ ಈಗಲೇ ರೂಮಿನಲ್ಲಿ ಓದಿ ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಈ ವಾರ ಸೆಕೆಂಡ್ ಶಿಫ್ಟ್. ನಾನು ಬರುವಷ್ಟರಲ್ಲಿ ಇವರೆಲ್ಲ ಮಲಗಿರುತ್ತಾರೆ, ಹಾಗಾಗಿ ಬಾಯಿಬಿಟ್ಟು ಓದಲು ಟೆರೇಸ್ ಹತ್ತಬೇಕು. ಅಂಕಲ್, ಉದ್ದದ್ದು ಯಾವ ಕೀರ್ತನೆ ಅಂದಿರಿ?

ರಾತ್ರಿ ಬಸ್ ಕಂಡಕ್ಟರ್ (ನಿವೃತ್ತ):

132. ಹದಿನೆಂಟು ವಚನ. ಸುಸ್ತಾಗಿದ್ದರೆ 10ಕ್ಕೆ ನಿಲ್ಲಿಸಿ, ಉಳಿದದ್ದು ಮರುದಿನ.