ಅಪ್‌ಡೇಟ್: ಲೋವರ್ ಆರ್ಮ್ ಬುಷ್ ಪದೇ ಪದೇ ಹರಿಯುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು

ಹಿಂದೆ ಕೇಳಿದ್ದು ಇಷ್ಟು: ನಮ್ಮ 2007ರ ಪೆಟ್ರೋಲ್ ಕಾರಿನಲ್ಲಿ ಮುಂದಿನ ಲೋವರ್ ಆರ್ಮ್ ಬುಷ್ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ಕೆಳಗಿನ ತೋಳಿನ ಬುಡದಲ್ಲಿರುವ ರಬ್ಬರ್ ತುಂಡು) ಹೊಸದು ಹಾಕಿಸಿದ ಕೆಲವೇ ತಿಂಗಳಿಗೆ ಹರಿದುಹೋಗುತ್ತದೆ. ಹಂಪ್ ಹತ್ತಿದರೆ ಲೊಟಲೊಟ ಸದ್ದು, ಟೈರಿನ ಒಳಅಂಚು ಸವೆತ. ನಿಮ್ಮಲ್ಲಿ ಹೆಚ್ಚಿನವರು ರಸ್ತೆ ಸರಿಯಿಲ್ಲ, ಇಲ್ಲಾಂದ್ರೆ ಡೂಪ್ಲಿಕೇಟ್ ಪಾರ್ಟ್ ಅಂದಿರಿ.

ತೀರ್ಥಹಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಿಚ್ಚಿದ ಬುಷ್ ನನ್ನ ಕೈಗೇ ಕೊಟ್ಟರು. ರಬ್ಬರ್ ಸವೆದಿರಲಿಲ್ಲ. ಒಳಗಿನ ಕಬ್ಬಿಣದ ಕೊಳವೆ ಸುತ್ತ ಒಂದೇ ದಿಕ್ಕಿಗೆ ತಿರುಚಿ ಸೀಳಿತ್ತು, ಬಟ್ಟೆ ಹಿಂಡಿದ ಹಾಗೆ.

"ಬೋಲ್ಟ್ ಟೈಟ್ ಮಾಡುವಾಗ ಗಾಡಿ ಲಿಫ್ಟ್ ಮೇಲಿತ್ತಾ ಸಾರ್?"

ಹೌದು, ಪ್ರತಿ ಸಲವೂ.

ಈ ಬುಷ್ ಬೇರಿಂಗ್ ತರ ಸುತ್ತುವುದಿಲ್ಲ. ರಬ್ಬರೇ ತಿರುಚಿಕೊಂಡು ಆರ್ಮ್ ಮೇಲೆ ಕೆಳಗೆ ಆಡುತ್ತದೆ. ಚಕ್ರ ನೇತಾಡುತ್ತಿರುವಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಸುಮ್ನೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ, ಗುಂಡಿಯಲ್ಲಂತೂ ಇನ್ನೂ ಜಾಸ್ತಿ.

ಈ ಸಲ ಹೊಸ ಬುಷ್ ಪ್ರೆಸ್ ಯಂತ್ರದಲ್ಲಿ ಒತ್ತಿ ಕೂರಿಸಿ, ಬೋಲ್ಟ್ ಸಡಿಲವಾಗಿ ಬಿಟ್ಟರು. ಚಕ್ರದ ಮೇಲೆ ಗಾಡಿ ನಿಲ್ಲಿಸಿ, ಬಾನೆಟ್ ಒತ್ತಿ ಒತ್ತಿ ಕುಲುಕಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬೇಕೋ ಅಷ್ಟೇ ಬಿಗಿಯುವ ಸ್ಪ್ಯಾನರ್) ಬಿಗಿದರು. ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ಕೀಲು) ಮೇಲಿನ ರಬ್ಬರ್ ಬೂಟ್ ಹರಿದು ಒಳಗೆ ಮಣ್ಣು ಸೇರಿತ್ತು, ಅದನ್ನೂ ಬದಲಾಯಿಸಿದೆವು. ಕೊನೆಗೆ ವೀಲ್ ಅಲೈನ್‌ಮೆಂಟ್.

ಇಡೀ ಮಳೆಗಾಲ ಆಗುಂಬೆ ಘಾಟಿ ಹತ್ತಿ ಇಳಿದಾಯಿತು. ಬುಷ್‌ನಲ್ಲಿ ಒಂದು ಬಿರುಕೂ ಇಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಎಡಗಡೆ ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯನ್ನು ಗಾಡಿಗೆ ಹಿಡಿದಿಡುವ ಭಾಗ) ಮಾತ್ರ ಕಿರ್ ಅನ್ನುತ್ತದೆ. ಅದನ್ನು ಮುಂದಿನ ಸರ್ವೀಸ್‌ನಲ್ಲಿ ನೋಡಿಸುತ್ತೇನೆ.